ದಾರಿ ಕಲಿತವನ ವೇಗ

ಕೆಳಹಂತದ ರ‍್ಯಾಲಿಗಳಲ್ಲಿ ಗೆಲ್ಲುತ್ತಿರುವ ಹುಡುಗನನ್ನು ಮೇಲಿನ ಹಂತದ ಕಾರಿನಲ್ಲಿ ಯಾವಾಗ ಕೂರಿಸಬೇಕು? ವೇಗ ಇದೆಯಲ್ಲ, ಈಗಲೇ ಕೂರಿಸಿ ಎನ್ನುವವರಿದ್ದಾರೆ. ಇನ್ನೂ ಪಳಗಲಿ ಎನ್ನುವವರೂ ಇದ್ದಾರೆ. ಸೇಡಂ, ಶಹಾಬಾದ್ ಸೀಮೆಯ ನಮಗೆ ರ‍್ಯಾಲಿ ದೂರದ ಆಟ. ಆದರೆ ಸಿಮೆಂಟ್ ಬಲ್ಕರ್‌ಗಳ ನಡುವೆ ಬದುಕುವವರಿಗೆ ಈ ಪ್ರಶ್ನೆ ಹೊಸದಲ್ಲ. ನಿನ್ನೆಯ ಕ್ಲೀನರ್ ಇವತ್ತು ಸ್ಟೇರಿಂಗ್ ಹಿಡಿದಿರುತ್ತಾನೆ.

ಫಿನ್‌ಲ್ಯಾಂಡಿನ ಕಲ್ಲೆ ರೊವಾನ್‌ಪೆರಾ 2022ರಲ್ಲಿ, 22ನೇ ವಯಸ್ಸಿಗೆ, ವಿಶ್ವ ಚಾಂಪಿಯನ್ ಆದ. ಅಪ್ಪ ರ‍್ಯಾಲಿ ಚಾಲಕ. ಹುಡುಗ ಎಂಟರ ವಯಸ್ಸಿನಲ್ಲೇ ಕಾರು ಓಡಿಸುತ್ತಿದ್ದ. ಹಾಗಾದರೆ ಎಳೆತನದ ಅಭ್ಯಾಸವೇ ಗುಟ್ಟು ಎನ್ನೋಣವೇ? ಅವನಿಗಿಂತ ಒಂದು ವರ್ಷ ಕಿರಿಯನಾದ ಆಲಿವರ್ ಸೋಲ್ಬರ್ಗ್ ಅಂತೂ ವಿಶ್ವ ಚಾಂಪಿಯನ್ನನ ಮಗನೇ. ಅದೇ 2022ರಲ್ಲಿ ಅವನಿಗೂ ಮೇಲ್ದರ್ಜೆಯ ಕಾರು ಸಿಕ್ಕಿತು. ವರ್ಷ ಮುಗಿಯುವಷ್ಟರಲ್ಲಿ ತಂಡ ಅವನನ್ನು ಕೈಬಿಟ್ಟಿತು. ಅವನು ಎರಡನೇ ದರ್ಜೆಗೆ ಇಳಿದು ಅಲ್ಲೇ ಓಡಿಸಿದ. 2025ರ ಜುಲೈನಲ್ಲಿ ಎಸ್ಟೋನಿಯಾದಲ್ಲಿ ಒಂದೇ ಒಂದು ಸ್ಪರ್ಧೆಗೆಂದು ಮತ್ತೆ ದೊಡ್ಡ ಕಾರು ಕೊಟ್ಟಾಗ ಗೆದ್ದೇಬಿಟ್ಟ. ವೇಗ ಮೊದಲೂ ಇತ್ತು; ನಡುವೆ ಕೂಡಿದ್ದು ಅನುಭವ. ನಮ್ಮಲ್ಲಾಗಿದ್ದರೆ ಕೆಳಗಿಳಿದ ದಿನವೇ ಅವನ ಕಥೆ ಮುಗಿಯಿತು ಎನ್ನುತ್ತಿದ್ದೆವು.

ಅನುಭವವನ್ನು ವರ್ಷಗಳಲ್ಲಿ ಅಳೆಯುವುದೇ ನಮ್ಮ ಮೊದಲ ತಪ್ಪು. 1988ರ ಮೋಟಾರು ವಾಹನ ಕಾಯ್ದೆಯೂ ಹೀಗೇ ಅಳೆಯುತ್ತದೆ: ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದರೆ ಸಾರಿಗೆ ವಾಹನ ಕಲಿಯಲು ಅರ್ಹತೆ ಬರುತ್ತದೆ. ಆ ವರ್ಷದಲ್ಲಿ ಅವನು ಗಾಡಿ ಮುಟ್ಟಿದನೇ ಎಂದು ಯಾರೂ ಕೇಳುವುದಿಲ್ಲ.

ಇದಕ್ಕಿಂತ ಬುದ್ಧಿವಂತಿಕೆಯ ಕ್ರಮ ವಾಡಿ ಜಂಕ್ಷನ್ನಿನಲ್ಲೇ ಇದೆ. ರೈಲ್ವೆಯಲ್ಲಿ ಸಹಾಯಕ ಲೋಕೋ ಪೈಲಟ್ ಆಗಿ ಸೇರಿದವನು ಗೂಡ್ಸ್, ಪ್ಯಾಸೆಂಜರ್, ಮೇಲ್ ಎಂದು ಮೆಟ್ಟಿಲು ಹತ್ತುತ್ತಾನೆ. ಮೆಟ್ಟಿಲು ಹತ್ತಿದರೂ ಹೊಸ ಮಾರ್ಗದಲ್ಲಿ ಒಬ್ಬನೇ ರೈಲು ನಡೆಸುವಂತಿಲ್ಲ. ಹಗಲೂ ರಾತ್ರಿಯೂ ಓಡಾಡಿ ದಾರಿ ಕಲಿತು, ಕಲಿತೆನೆಂದು ಸಹಿ ಹಾಕಬೇಕು. ಕೆಲವು ತಿಂಗಳು ಆ ಮಾರ್ಗಕ್ಕೆ ಹೋಗದಿದ್ದರೆ ಮತ್ತೆ ಕಲಿಯಬೇಕು. ಅನುಭವಕ್ಕೂ ವಾಯಿದೆ ಉಂಟೆಂದು ಒಪ್ಪಿಕೊಂಡ ನಿಯಮ ಇದು. ನನಗೆ ಬಹಳ ಇಷ್ಟ. ವಿಶ್ವ ರ‍್ಯಾಲಿಯಲ್ಲೂ ಚಾಂಪಿಯನ್ನನೇ ಆಗಲಿ, ಸ್ಪರ್ಧೆಗೆ ಮುಂಚೆ ದಾರಿಯ ಪ್ರತಿ ಹಂತದಲ್ಲಿ ಎರಡು ಸಲ ನಿಧಾನವಾಗಿ ಸಾಗಿ ತಿರುವುಗಳನ್ನು ಬರೆದುಕೊಳ್ಳುತ್ತಾನೆ.

ಚಿತ್ತಾಪುರದ ಬಯಲಲ್ಲಿ ನೆಟ್ಟಗೆ ಓಡಿಸಿದವನಿಗೆ ಚಿಂಚೋಳಿಯ ಕಾಡಿನ ತಿರುವು ಬೇರೆ ವಿದ್ಯೆ. ಮಳೆಗಾಲದಲ್ಲಿ ರಸ್ತೆಯಂಚಿನ ಎರೆಮಣ್ಣಿಗೆ ಚಕ್ರ ಇಳಿದರೆ ತುಂಬಿದ ಗಾಡಿ ಮಾತು ಕೇಳುವುದಿಲ್ಲ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಎಲ್ಲಿ ನಿಧಾನಿಸಬೇಕೆಂದು ತಿಳಿದವನು ಉಳಿದ ಕಡೆ ಧೈರ್ಯವಾಗಿ ಓಡಿಸಬಲ್ಲ. ಹಾಗೆಂದು ಪ್ರತಿಭೆಯಿದ್ದವನನ್ನು ತಲೆ ನೆರೆಯುವವರೆಗೆ ಕಾಯಿಸುವುದೂ ಅನ್ಯಾಯವೇ.

ಗಾಡಿ ಮಾಲೀಕರಲ್ಲಿ ಒಂದು ಕೋರಿಕೆ: ಹುಡುಗನಿಗೆ ಗಾಡಿ ಕೊಡಿ. ಮೊದಲ ತಿಂಗಳು ಪಕ್ಕದಲ್ಲಿ ಹಳಬನೊಬ್ಬ ಇರಲಿ. ಅವಸರ ಬೀಳದಂತೆ ಅಷ್ಟು ದಿನ ಟ್ರಿಪ್ ಲೆಕ್ಕದ ಬದಲು ದಿನದ ಲೆಕ್ಕದಲ್ಲಿ ಸಂಬಳ ಕೊಡಿ.