ರೀಕಾಲ್ ಮುಗೀತು ಸಾರ್, ಬ್ರೇಕ್ ಎಲ್ಲಿ?

ಹೊಸ ಕಾರಿಗೆ ರೀಕಾಲ್ ಬಂತು ಅಂದ್ರೆ ನಮ್ಮ ಜನ ಎರಡು ಥರ ಮಾತಾಡ್ತಾರೆ. ಕೆಲವರು "ಅಯ್ಯೋ, ಎಂಥಾ ಡಬ್ಬಾ ಗಾಡಿ ತಗೊಂಡ್ಯೋ" ಅಂತಾರೆ. ಇನ್ನು ಕೆಲವರು "ಕಂಪನಿಯವರೇ ಕರೆದು ಪುಕ್ಕಟೆ ರಿಪೇರಿ ಮಾಡಿಕೊಡ್ತಾರೆ, ಎಷ್ಟು ಒಳ್ಳೆಯವರು" ಅಂತಾರೆ. ನನ್ನ ಪ್ರಕಾರ ಎರಡೂ ಪೂರ್ತಿ ಸರಿಯಲ್ಲ. ತೊಂದರೆ ಇದೆ ಅಂತ ಒಪ್ಪಿಕೊಂಡು ಗಾಡಿ ವಾಪಸ್ ಕರೆಯೋದು ಒಳ್ಳೇದೇ. ಆದರೆ ಕರೆದಾದ ಮೇಲೆ ಮಾಡಿದ ರಿಪೇರಿ ಸರಿಯಾಗಿ ಆಯ್ತಾ ಅಂತ ನೋಡೋರು ಯಾರು? ನನ್ನ ತಕರಾರು ಇರೋದು ಅಲ್ಲಿ.

ರೀಕಾಲ್ ಏನೂ ಅಪರೂಪದ ಸಂಗತಿ ಅಲ್ಲ. 2018ರ ಮೇ ತಿಂಗಳಲ್ಲಿ ಮಾರುತಿಯವರು ಬ್ರೇಕಿನ ವ್ಯಾಕ್ಯೂಮ್ ಹೋಸ್ ನೋಡೋಕೆ ಅಂತ 52,686 ಸ್ವಿಫ್ಟ್ ಮತ್ತು ಬಲೆನೊ ಕಾರುಗಳನ್ನು ಕರೆದಿದ್ದರು. 2022ರಲ್ಲಿ ಹಿಂದಿನ ಬ್ರೇಕಿನ ಒಂದು ಪಿನ್ನಿಗಾಗಿ 9,925 ಕಾರುಗಳು. ಇಷ್ಟೊಂದು ಗಾಡಿಗಳು ಸರ್ವೀಸ್ ಸೆಂಟರಿಗೆ ಬಂದಾಗ ಏನಾಗುತ್ತೆ ಅಂತ ಯೋಚನೆ ಮಾಡಿ. ಸಾಲು ಉದ್ದ, ಮೆಕ್ಯಾನಿಕ್‌ಗಳು ಕಮ್ಮಿ, ಸಂಜೆಯೊಳಗೆ ಇಷ್ಟು ಗಾಡಿ ಮುಗೀಬೇಕು ಅನ್ನೋ ಲೆಕ್ಕ. ಕಂಪ್ಯೂಟರಿನಲ್ಲಿ "ಮುಗಿದಿದೆ" ಅಂತ ಒತ್ತಿದರೆ ಮುಗೀತು.

ನನ್ನ ಕಾರಿಗೂ ಹಾಗೇ ಮುಗಿಸಿದರು. (ಕಂಪನಿ ಹೆಸರು ಬೇಡ ಬಿಡಿ, ಎಲ್ಲಾ ಕಡೆ ನಡೆಯಬಹುದಾದ ಕಥೆ.) ಗಾಡಿಗೆ ಏಳು ತಿಂಗಳು. ಎಬಿಎಸ್ ಯೂನಿಟ್ ಬದಲಾಯಿಸಬೇಕು ಅಂತ ಕರೆದರು, ಬದಲಾಯಿಸಿದರು, ತೊಳೆದು ಪಳಪಳ ಅನ್ನೋ ಹಾಗೆ ಕೊಟ್ಟರು. ಮನೆಗೆ ಬರೋವಾಗಲೇ ಗೊತ್ತಾಯ್ತು, ಪೆಡಲ್ ಮೊದಲಿನ ಹಾಗಿಲ್ಲ. ಸ್ಪಂಜು ತುಳಿದ ಹಾಗೆ ಒಳಗೆ ಹೋಗ್ತಿತ್ತು. ಎರಡನೇ ಸಲ ತುಳಿದರೆ ಮಾತ್ರ ಗಟ್ಟಿ. ಫ್ಲೈಓವರ್ ಇಳಿಯೋವಾಗ ಮುಂದಿದ್ದ ಸ್ಕೂಟರಿನ ಹಿಂದೆ ಒಂದು ಮೊಳ ಜಾಗ ಬಿಟ್ಟು ನಿಂತೆ. ಸ್ಕೂಟರಿನ ಹಿಂದೆ ಯೂನಿಫಾರ್ಮ್ ಹಾಕಿದ ಒಂದು ಪುಟ್ಟ ಹುಡುಗಿ ಕೂತಿತ್ತು. ಆ ಒಂದು ಮೊಳ ಇನ್ನೂ ಕಣ್ಣಲ್ಲಿದೆ.

ತಿರುಗಿಸಿಕೊಂಡು ಹೋಗಿ ಕೇಳಿದ್ದಕ್ಕೆ ಸರ್ವೀಸ್ ಅಡ್ವೈಸರ್ ಏನಂದ ಗೊತ್ತಾ? "ಹೊಸ ಪಾರ್ಟ್ ಸಾರ್, ಐನೂರು ಕಿಲೋಮೀಟರ್ ಓಡ್ಸಿ, ಸೆಟ್ ಆಗತ್ತೆ." ಹೊಸ ಬ್ರೇಕ್ ಪ್ಯಾಡ್ ಹಾಕಿದರೆ ಹೊಂದಿಕೊಳ್ಳೋಕೆ ಸ್ವಲ್ಪ ಓಡಿಸಬೇಕು, ನಿಜ. ಆದರೆ ನನ್ನ ಗಾಡಿಯ ಪ್ಯಾಡ್ ಮುಟ್ಟೇ ಇರಲಿಲ್ಲ. ಪ್ಯಾಡ್ ಹೊಂದಿಕೊಳ್ಳದಿದ್ದರೆ ಹಿಡಿತ ಕಮ್ಮಿ ಇರುತ್ತೆ, ಪೆಡಲ್ ನೆಲದ ಕಡೆ ಹೋಗಲ್ಲ. ಬ್ರೇಕ್ ಪೈಪಿನಲ್ಲಿ ಗಾಳಿ ಸೇರಿದರೆ ಮಾತ್ರ ಹೀಗೆ ಸ್ಪಂಜಿನ ಹಾಗಾಗುತ್ತೆ. ಆಯಿಲ್ ಅದುಮಿದರೆ ಕುಗ್ಗಲ್ಲ, ಗಾಳಿ ಕುಗ್ಗುತ್ತೆ. ನಾವು ತುಳಿದ ಶಕ್ತಿಯೆಲ್ಲಾ ಆ ಗುಳ್ಳೆ ಅದುಮೋದಕ್ಕೇ ಖರ್ಚು. ಎಷ್ಟು ಓಡಿಸಿದರೂ ಅದು ತಾನಾಗಿ ಹೋಗಲ್ಲ.

ಎರಡು ಸಲ ಅಲೆದ ಮೇಲೆ ಹಿರಿಯ ಮೆಕ್ಯಾನಿಕ್ ಒಬ್ಬರು ಬಂದು ಓಡಿಸಿ ನೋಡಿ, ಒಂದೇ ಮಾತಿಗೆ "ಏರ್ ಇದೆ" ಅಂದರು. ವಿಷಯ ಇಷ್ಟೇ. ಸಾಮಾನ್ಯವಾಗಿ ಒಬ್ಬರು ಪೆಡಲ್ ತುಳಿದು ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಸಡಿಲಿಸಿ ಗಾಳಿ ತೆಗೀತಾರೆ. ಆದರೆ ಎಬಿಎಸ್ ಯೂನಿಟ್ಟಿನ ಒಳಗಿನ ಕೆಲವು ವಾಲ್ವುಗಳು ಮಾಮೂಲಿ ಹೊತ್ತಿನಲ್ಲಿ ಮುಚ್ಚಿರುತ್ತವೆ. ಅಲ್ಲಿ ಕೂತ ಗಾಳಿ ಬರಬೇಕಾದರೆ ಬಹಳಷ್ಟು ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಆ ಪಂಪು, ವಾಲ್ವುಗಳನ್ನು ಓಡಿಸಬೇಕು. ಅವತ್ತಿನ ಗಡಿಬಿಡಿಯಲ್ಲಿ ಅದನ್ನು ಬಿಟ್ಟಿದ್ದರು. ಸ್ಕ್ಯಾನರ್ ಹಾಕಿದ ಮೇಲೆ ಮುಕ್ಕಾಲು ಗಂಟೆಯ ಕೆಲಸ, ಪೆಡಲ್ ಮೊದಲಿನ ಹಾಗಾಯ್ತು. ಅಷ್ಟಕ್ಕೆ ನನ್ನನ್ನು ಒಂಬತ್ತು ದಿನ ಆಟ ಆಡಿಸಿದ್ದರು!

ನಿಮಗೂ ಹೀಗಾದರೆ ಅಂತ ಒಂದಿಷ್ಟು ಹೇಳಿಬಿಡ್ತೀನಿ. ಪೆಡಲ್ ಮೆತ್ತಗಿದ್ದು ಎರಡು ಮೂರು ಸಲ ತುಳಿದರೆ ಮೇಲೆ ಬಂದರೆ ಗಾಳಿಯ ಅನುಮಾನ. ಕಾಲು ಒತ್ತಿ ಹಿಡಿದಾಗ ನಿಧಾನಕ್ಕೆ ಕೆಳಗೆ ಇಳೀತಾ ಹೋದರೆ ಎಲ್ಲೋ ಸೋರಿಕೆ, ಇಲ್ಲವೇ ಮಾಸ್ಟರ್ ಸಿಲಿಂಡರ್. ಪೆಡಲ್ ಕಲ್ಲಿನ ಹಾಗಿದ್ದರೆ ಬೂಸ್ಟರ್ ನೋಡಿ: ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ತುಳಿದು, ಕಾಲು ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳೀಬೇಕು, ಇಳೀದಿದ್ದರೆ ವ್ಯಾಕ್ಯೂಮ್ ಸಿಗ್ತಿಲ್ಲ. ಗಾಡಿ ಒಂದು ಕಡೆಗೆ ಎಳೆದರೆ ಒಂದು ಚಕ್ರದ ಬ್ರೇಕ್ ಸರಿಯಾಗಿ ಹಿಡೀತಿಲ್ಲ ಅಥವಾ ಬಿಡ್ತಿಲ್ಲ. ಜೋರಾಗಿ ಬ್ರೇಕ್ ಹಾಕಿದಾಗ ಕಾಲಿಗೆ ಟಕಟಕ ಅಂತ ಹೊಡೆದರೆ ಹೆದರಬೇಡಿ, ಎಬಿಎಸ್ ತನ್ನ ಕೆಲಸ ಮಾಡ್ತಿದೆ. ಹ್ಯಾಂಡ್‌ಬ್ರೇಕ್ ಇಳಿಸಿದ್ದರೂ ಕೆಂಪು ದೀಪ ಆರದಿದ್ದರೆ, ಅಥವಾ ಪೆಡಲ್ ಆಳಕ್ಕೆ ಹೋಗ್ತಿದ್ದರೆ ಓಡಿಸಲೇಬೇಡಿ. ಟೋ ಮಾಡೋ ಗಾಡಿ ಕಳಿಸಿ ಅಂತ ಅವರಿಗೇ ಹೇಳಿ.

ಇನ್ನೊಂದು ಉಪಾಯ. ಅಲ್ಲೇ ನಿಂತಿರೋ ಅದೇ ಮಾಡೆಲ್ಲಿನ ಇನ್ನೊಂದು ಕಾರಿನ ಪೆಡಲ್ ತುಳಿದು ತೋರಿಸಿ ಅಂತ ಕೇಳಿ. "ಎಲ್ಲಾ ಗಾಡೀನೂ ಹೀಗೇ ಸಾರ್" ಅನ್ನೋ ಮಾತು ಅಲ್ಲಿಗೇ ನಿಲ್ಲುತ್ತೆ. ಜಾಬ್ ಕಾರ್ಡಿನಲ್ಲಿ "ಜನರಲ್ ಚೆಕ್" ಅಂತ ಬರೆಯೋಕೆ ಬಿಡಬೇಡಿ. "ರೀಕಾಲ್ ಕೆಲಸದ ನಂತರ ಬ್ರೇಕ್ ಪೆಡಲ್ ಒಳಗೆ ಹೋಗುತ್ತಿದೆ" ಅಂತ ಪೂರ್ತಿ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ.

ಕಾನೂನು ಏನನ್ನುತ್ತೆ? 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ 110ಎ ಅನ್ನೋ ಕಲಮು ಸೇರಿತು, ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದವು. ಅಲ್ಲಿಯವರೆಗೆ ರೀಕಾಲ್ ಅನ್ನೋದು ಹೆಚ್ಚುಕಮ್ಮಿ ಕಂಪನಿಯವರ ಮರ್ಜಿ, 2012ರಲ್ಲಿ ಅವರ ಸಂಘವೇ ಮಾಡಿಕೊಂಡ ಸ್ವಯಂಪ್ರೇರಿತ ನಿಯಮ. ಈಗ ಸಾಕಷ್ಟು ದೂರುಗಳು ಬಂದರೆ ಸರ್ಕಾರವೇ ರೀಕಾಲ್ ಮಾಡಿಸಬಹುದು, ದಂಡ ಹಾಕಬಹುದು. ಒಳ್ಳೇದೇ. ಆದರೆ ರಿಪೇರಿ ಆದ ಮೇಲೂ ತೊಂದರೆ ಉಳಿದ ಗಾಡಿಗಳ ಲೆಕ್ಕ ಬೇರೆಯಾಗಿ ಇಡಬೇಕು ಅಂತ ನನ್ನ ವಾದ. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ರೀಕಾಲ್ ರಿಪೇರಿಯೇ ಸಾಲದು ಅನ್ನಿಸಿದರೆ ಅದರ ಮೇಲೇ ತನಿಖೆ ಶುರು ಮಾಡುತ್ತೆ. ನಮ್ಮಲ್ಲೂ ಅದು ಬರಲಿ. ಬ್ರೇಕಿನ ರೀಕಾಲ್ ಆದರೆ, ಏನು ಬದಲಾಯಿಸಿದರು, ಹೇಗೆ ಪರೀಕ್ಷೆ ಮಾಡಿದರು, ಯಾರು ಓಡಿಸಿ ನೋಡಿದರು ಅಂತ ಸಹಿ ಮಾಡಿದ ಒಂದು ಹಾಳೆ ಕೊಡೋದು ಕಡ್ಡಾಯ ಆಗಲಿ. ಅಷ್ಟು ದೊಡ್ಡ ಖರ್ಚೇನಲ್ಲ.

ಅದು ಬರೋವರೆಗೆ ನಾವೇ ಜೋರು ಮಾಡಬೇಕು. ಸರ್ವೀಸ್ ಸೆಂಟರ್ ಕೇಳದಿದ್ದರೆ ಕಂಪನಿಗೆ ಬರೆಯಿರಿ, ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ನಮ್ಮ ಬೆಂಗಳೂರಲ್ಲಿ ಎಲ್ಲದಕ್ಕೂ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನೋ ಮಾತು ಒಂದಿದೆ. ಬಸ್ಸಿನ ಸೀಟಿಗೆ ಸರಿ, ಮದುವೆ ಊಟದ ಪಂಕ್ತಿಗೆ ಸರಿ. ಬ್ರೇಕಿಗೆ ಬೇಡ ಕಣ್ರೀ. ಏನಂತೀರಿ?