ಅರ್ಧ ಹೊಲಿದ ಕೌದಿ ಆಸ್ತಿಯೇ?

ಕಳೆದ ವರ್ಷ ಮಾರ್ಚ್ 31ರಂದು ನಮ್ಮ ಕಕ್ಷಿದಾರರೊಬ್ಬರ ಗೋದಾಮಿನಲ್ಲಿ ದಾಸ್ತಾನು ಎಣಿಕೆಗೆ ಕುಳಿತಿದ್ದೆ. ಅವರದು ಕೌದಿ ಹೊಲಿಸಿ ಮಾರುವ ಸಣ್ಣ ಉದ್ಯಮ. ಬಟ್ಟೆ ಅವರದು, ಸೂಜಿ ಹಳ್ಳಿಯ 16 ಮಹಿಳೆಯರದು. ಎಣಿಕೆ ಮುಗಿದಾಗ ಸಿದ್ಧ ಕೌದಿಗಳಿಗಿಂತ ಅರ್ಧ ಹೊಲಿದವುಗಳೇ ಹೆಚ್ಚಾಗಿದ್ದವು: 140. ಅದೇ ಮೇಜಿನ ಮೇಲೆ ಹೊಸ ವಿನ್ಯಾಸಗಳ ಹಾಳೆ, ದೀಪಾವಳಿಯೊಳಗೆ ಇನ್ನೂ 250 ಕೌದಿ ಹೊಲಿಸುವ ಯೋಜನೆ!

ಕೌದಿಯ ಸ್ವಭಾವವೇ ಹಾಗೆ. ಹೊಸ ಬಣ್ಣ ಜೋಡಿಸುವುದರಲ್ಲಿ ಇರುವ ಹುರುಪು ಪದರಗಳನ್ನು ಸಾಲುಸಾಲಾಗಿ ಹೊಲಿಯುವಾಗ ಉಳಿಯುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ‘ಫುಲ’ ಕೂಡಿಸದ ಹೊರತು ಅವರ ಕಣ್ಣಿಗೆ ಕವಂದಿ ಪೂರ್ಣವಲ್ಲ. ನಮ್ಮ ವರ್ತಕರಿಗೆ ಅಂತಹ ಗುರುತೊಂದಿಲ್ಲ. ಬಟ್ಟೆ ಕತ್ತರಿಸಿದ ದಿನವೇ ಸರಕು ಸಿದ್ಧವಾಯಿತೆಂದು ಮನಸ್ಸು ಲೆಕ್ಕ ಹಾಕಿಬಿಡುತ್ತದೆ.

ಮಾಲೀಕರು ಈ 140ನ್ನೂ ತಲಾ 1,100 ರೂಪಾಯಿಯಂತೆ (ಬಟ್ಟೆ 700, ಮುಂಗಡ ಕೂಲಿ 400) ಒಟ್ಟು 1,54,000 ರೂಪಾಯಿ ದಾಸ್ತಾನೆಂದು ಬ್ಯಾಂಕಿಗೆ ತೋರಿಸಿದ್ದರು. ಆದರೆ ಲೆಕ್ಕಪತ್ರ ಮಾನದಂಡ 2ರ ಪ್ರಕಾರ ದಾಸ್ತಾನನ್ನು ತಗುಲಿದ ವೆಚ್ಚ ಅಥವಾ ನಿವ್ವಳ ವಸೂಲಿ ಮೌಲ್ಯ, ಇವೆರಡರಲ್ಲಿ ಕಡಿಮೆಯದಕ್ಕೆ ಹಿಡಿಯಬೇಕು. ಮಾರಾಟ ಬೆಲೆಯಿಂದ ಪೂರ್ಣಗೊಳಿಸುವ ವೆಚ್ಚವನ್ನೂ ಮಾರುವ ವೆಚ್ಚವನ್ನೂ ಕಳೆದರೆ ಉಳಿಯುವುದೇ ಈ ವಸೂಲಿ ಮೌಲ್ಯ.

ಆದ್ದರಿಂದ ರಾಶಿಯನ್ನು ಮೂರು ಪಾಲು ಮಾಡಿದೆವು. 96 ಕೌದಿಗಳು ತಲಾ 3,000ಕ್ಕೆ ಹೋಗುವಂಥವು. ಉಳಿದ ಕೂಲಿ 1,100, ಮಾರುವ ವೆಚ್ಚ 200 ಕಳೆದರೆ 1,700. ಇವುಗಳ ಬಗ್ಗೆ ಚಿಂತೆಯಿಲ್ಲ. 32ರ ಬಣ್ಣ ಮಾಸಿತ್ತು. 1,800ಕ್ಕಿಂತ ಹೆಚ್ಚು ಬಾರದು, ಕೈಗೆ ಉಳಿಯುವುದು 500. ತಲಾ 600ರಂತೆ 19,200 ರೂಪಾಯಿ ನಷ್ಟವನ್ನು ಅದೇ ವರ್ಷದ ಲೆಕ್ಕದಲ್ಲಿ ಒಪ್ಪಿಕೊಳ್ಳಬೇಕಾಯಿತು. ಆದರೂ ಅವನ್ನು ಮುಗಿಸುವುದೇ ಲೇಸು, ಏಕೆಂದರೆ ಮೂಲೆಯಲ್ಲಿಟ್ಟರೆ ಆ 500 ಕೂಡ ಬಾರದು. ಇನ್ನುಳಿದ 12ನ್ನು ಮುಗಿಸಿದರೆ ತಲಾ 100 ರೂಪಾಯಿ ಕೈಯಿಂದಲೇ ಹೋಗುತ್ತಿತ್ತು. ಅವುಗಳ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಮತ್ತೆ ಚೂರುಗಳ ಗಂಟಿಗೆ ಸೇರಿಸಲು ಹೇಳಿದೆ. ಮಾಲೀಕರಿಗೆ ಇದು ಸಹಿಸಲಿಲ್ಲ, ‘ಹಾಕಿದ ದುಡ್ಡು?’ ಎಂದರು. ಹಾಕಿದ್ದು ಹೋಗಿಯಾಯಿತು, ಇನ್ನೂ ಹಾಕಬೇಕಾದುದರ ಬಗ್ಗೆ ಮಾತ್ರ ನಾವು ತೀರ್ಮಾನಿಸಬಲ್ಲೆವು.

ಇದಕ್ಕಿಂತ ಗಂಭೀರವಾದದ್ದು ಕಡತದಲ್ಲಿತ್ತು. ಒಂದು ಕಂತಿನ ಬಟ್ಟೆ ಹಳ್ಳಿಗೆ ಹೋದ ಚಲನ್‌ಗೆ ಆಗಲೇ 11 ತಿಂಗಳಾಗಿತ್ತು. ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 143ನೇ ಕಲಮಿನಂತೆ, ಜಾಬ್ ವರ್ಕಿಗೆ ತೆರಿಗೆಯಿಲ್ಲದೆ ಕಳಿಸಿದ ಸರಕು ಒಂದು ವರ್ಷದೊಳಗೆ ಹಿಂದಿರುಗಬೇಕು ಅಥವಾ ಅಲ್ಲಿಂದಲೇ ನಿಯಮಾನುಸಾರ ಮಾರಾಟವಾಗಬೇಕು. ತಪ್ಪಿದರೆ ಕಳಿಸಿದ ದಿನದಂದೇ ಪೂರೈಕೆ ಆಯಿತೆಂದು ಭಾವಿಸಲಾಗುತ್ತದೆ. ತೆರಿಗೆಯೊಂದಿಗೆ ಬಡ್ಡಿಯೂ ಬೀಳುತ್ತದೆ. ಸಕಾರಣವಿದ್ದರೆ ಆಯುಕ್ತರು ಇನ್ನೊಂದು ವರ್ಷದವರೆಗೆ ಅವಧಿ ವಿಸ್ತರಿಸಬಹುದಾದರೂ ‘ಹೊಸ ವಿನ್ಯಾಸ ಹಿಡಿದೆವು’ ಎಂಬುದು ಸಕಾರಣವಾಗಲಾರದು. ಚಲನ್ ದಿನಾಂಕವನ್ನು ಪ್ರತಿ ಗಂಟಿನ ಮೇಲೆಯೇ ಬರೆದಿಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಮಂದಿಗಿದೆ?

ಹೊಲಿಯುವವರ ಸಂಕಟ ಬೇರೆಯೇ. ಅವರಿಗೆ ಉಳಿದ ಕೂಲಿ ಕೈಸೇರುವುದು ಕೌದಿ ಮುಗಿದ ಮೇಲೆ. 128 ಕೌದಿಗಳಲ್ಲಿ 1,40,800 ರೂಪಾಯಿ ಕೂಲಿ ಸಿಲುಕಿತ್ತು. ಹಳೆಯದು ಮುಗಿಯುವ ಮೊದಲೇ ಹೊಸ ಬಟ್ಟೆ ಕೊಟ್ಟವರು ನಾವು, ‘ಹೆಂಗಸರು ನಿಧಾನ’ ಎಂದು ದೂರುವವರೂ ನಾವೇ.

ಇನ್ನು ಯೋಜನೆಯ ಮಾತು. ಬಟ್ಟೆಯ ಲಭ್ಯತೆಯಿಂದ ಯೋಜನೆ ಹಾಕಬಾರದು, ಸೂಜಿಯ ದಿನಗಳಿಂದ ಹಾಕಬೇಕು. ಇವರಲ್ಲಿ ಒಬ್ಬಾಕೆ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಕೌದಿ ಮುಗಿಸಲು 12 ದಿನ, ಅರ್ಧವಾದದ್ದಕ್ಕೆ 6 ದಿನ ಬೇಕು. 128ಕ್ಕೆ 768 ದಿನ, 16 ಮಂದಿಗೆ ಹಂಚಿದರೆ ತಲಾ 48. ಅಲ್ಲಿಗೆ ಮೇ ತಿಂಗಳ ಉತ್ತರಾರ್ಧ. ಮುಂದೆ ದೀಪಾವಳಿಯವರೆಗೆ ಬಿತ್ತನೆ, ಕಳೆ, ಹಬ್ಬಗಳನ್ನು ಕಳೆದು ತಲಾ 80 ದಿನ ಸಿಕ್ಕರೆ ಹೆಚ್ಚು. ಹೊಸ ಕೌದಿಗಳು ಆಗುವುದು ನೂರರ ಆಸುಪಾಸು, 250 ಅಲ್ಲ. ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಎಂದು ಹೊರಟಮೇಲೆ ಬರುವ ಕೌದಿಗೆ ಗಿರಾಕಿಯೆಲ್ಲಿ?

ಮಾಲೀಕರು ಮುಖ ಸಣ್ಣದು ಮಾಡಿಕೊಂಡೇ ವಿನ್ಯಾಸಗಳ ಹಾಳೆಯನ್ನು ಕಪಾಟಿನಲ್ಲಿಟ್ಟರು. ಹನ್ನೊಂದು ತಿಂಗಳ ಕಂತು ಏಪ್ರಿಲ್ 26ರಂದು ಗೋದಾಮಿಗೆ ಬಂದಿತು. ಹೊಸ ಬಟ್ಟೆಗೆ ಕತ್ತರಿ ಬಿದ್ದದ್ದು ಜೂನ್ ಮೊದಲ ವಾರದಲ್ಲಿ, ಅದೂ ಒಬ್ಬೊಬ್ಬರಿಗೆ ಒಂದೇ ಕೌದಿಯಷ್ಟು.