ದುಡ್ಡು ನಮ್ಮದು, ಕೀಲಿಕೈ ಅವರದು!



ಅಚ್ಚಿನಮನೆ ನಡೆಸುವವನು ಕೇಳುತ್ತೇನೆ: ಟ್ರೆಡಲ್ ಯಂತ್ರ ಮಾರಿದವನು ಅದರ ರೋಲರನ್ನು ತನ್ನಲ್ಲೇ ಇಟ್ಟುಕೊಂಡರೆ ಸುಮ್ಮನಿರುತ್ತೀರಾ? 2000ರ ಆಸುಪಾಸಿನಲ್ಲಿ ಲ್ಯಾಪ್‌ಟಾಪ್ ಕೊಂಡು ಲಿನಕ್ಸ್ ಹಾಕಿದ ಎಷ್ಟೋ ಜನರಿಗೆ ಆಗಿದ್ದು ಇದೇ. ಒಳಗೆ ಮೋಡೆಮ್ ಇದೆ, ಫೋನ್ ತಂತಿ ಸಿಕ್ಕಿಸಲು ಜಾಗವೂ ಇದೆ. ಡಯಲ್ ಮಾಡಿದರೆ ಮಾತ್ರ ಮೂಕ!

ಕಾರಣವೇನು? ನಾಲ್ಕು ಕಾಸು ಉಳಿಸಲು ಕಂಪನಿಗಳು ಮೋಡೆಮ್ಮಿನ ಮಿದುಳನ್ನೇ ಕಿತ್ತವು. ಫೋನಿನ ಸದ್ದಿನಿಂದ ಮಾಹಿತಿ ಬಿಡಿಸುವ ಕೆಲಸವನ್ನು ಕಂಪ್ಯೂಟರಿನ ಪ್ರೊಸೆಸರಿಗೆ ಹೊರಿಸಿದವು. ಅದಕ್ಕೆ ಬೇಕಾದ ಡ್ರೈವರನ್ನು ವಿಂಡೋಸಿಗೆ ಮಾತ್ರ ಬರೆದವು. ಅದಕ್ಕೇ ಜನ ಇವನ್ನು ‘ವಿನ್‌ಮೋಡೆಮ್’ ಎಂದರು!

ಲಿನಕ್ಸ್ ಬಳಗ ಕೈಕಟ್ಟಿ ಕೂರಲಿಲ್ಲ. ‘ಎಲ್‌ಎಸ್‌ಪಿಸಿಐ’ ಆದೇಶದಿಂದ ಚಿಪ್ ಪತ್ತೆಮಾಡಿ, ಲೂಸೆಂಟಿಗೆ ‘ಎಲ್‌ಟಿಮೋಡೆಮ್’, ಸ್ಮಾರ್ಟ್‌ಲಿಂಕಿಗೆ ‘ಎಸ್‌ಎಲ್‌ಮೋಡೆಮ್‌ಡಿ’ ಹಾಕಿ ಮೂಕನನ್ನು ಮಾತಾಡಿಸಿದರು. ಆದರೆ ಇವುಗಳ ತಿರುಳೂ ಮುಚ್ಚಿದ ಪೆಟ್ಟಿಗೆಯೇ; ಕರ್ನೆಲ್ ಬದಲಾದರೆ ಮತ್ತೆ ತಿಣುಕಾಟ! ಕೊನೆಕ್ಸಾಂಟ್ ಚಿಪ್ಪಿಗೆ ಲಿನಕ್ಸಾಂಟ್ ಕಂಪನಿ ಕೊಟ್ಟ ಡ್ರೈವರ್ ಬಿಟ್ಟಿಯಾದರೆ 14.4 ಕಿಲೋಬಿಟ್ ವೇಗ. 56 ಬೇಕೆಂದರೆ ಕಾಸು ಬಿಚ್ಚಬೇಕು! ಒಂದೇ ಮೋಡೆಮ್ಮಿಗೆ ಎರಡು ಸಲ ಹಣ. ಇದು ಯಾವ ನ್ಯಾಯ?

ಸೀರಿಯಲ್ ಪೋರ್ಟಿಗೆ ಸಿಕ್ಕಿಸುವ ಹೊರಗಿನ ಮೋಡೆಮ್ ಮಾತ್ರ ತಕರಾರಿಲ್ಲದೆ ಓಡುತ್ತಿತ್ತು. ಅದರ ಮಿದುಳು ಅದರಲ್ಲೇ ಇತ್ತಲ್ಲ!

ಡಯಲ್-ಅಪ್ ಕಾಲ ಮುಗಿಯಿತು, ಚಾಳಿ ಮುಗಿದಿಲ್ಲ. ಪ್ರಿಂಟರೋ ವೈಫೈ ಕಾರ್ಡೋ ಕೊಳ್ಳುವ ಮೊದಲು ಅಂಗಡಿಯವನನ್ನು ಕೇಳಿ: ಲಿನಕ್ಸಿಗೆ ಡ್ರೈವರ್ ಇದೆಯೇ? ಅದರ ಮೂಲ ತೆರೆದಿದೆಯೇ? ಇಲ್ಲವೆಂದರೆ ದುಡ್ಡು ನಿಮ್ಮ ಜೇಬಿನಲ್ಲೇ ಇರಲಿ!